ಶ್ರೀ ಕಿಲ್‌ಬ್ರೂ ಅವರನ್ನು ಬಿಟ್ಟುಕೊಡುವ ಚರ್ಚೆ ಮತ್ತು ಲಾರಿ 14ರ ಮೆಟ್ಟಿಲಿನ ಕುರಿತು

ನಗರ ಹಿಮ ತೆರವು ಇಲಾಖೆ, ಉತ್ತರ ಡಿಪೋ
ಸಂಖ್ಯೆ: ಹಿತೆಇ/ಉಡಿ/ವಾಗ್ವಾದ/14
ದಿನಾಂಕ: ಫೆಬ್ರವರಿ ಮೊದಲ ಮಂಗಳವಾರ

ಸುತ್ತೋಲೆ

ವಿಷಯ: ಸ್ಟರ್ಜನ್ಸ್ ಬಾಸ್ಕೆಟ್‌ಬಾಲ್ ತಂಡದ ತಾರೆ ಶ್ರೀ ಡೆವಾಂಟೆ ಕಿಲ್‌ಬ್ರೂ ಅವರನ್ನು ಕ್ಯಾಲಿಫೋರ್ನಿಯಾದ ತಂಡಕ್ಕೆ ಬಿಟ್ಟುಕೊಡಬೇಕೇ ಬೇಡವೇ ಎಂದು ಕರ್ತವ್ಯದ ವೇಳೆ ಕಿತ್ತಾಡುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: 1) ಲಾರಿ 14ರ ಚಾಲಕ ಶ್ರೀ ಡಾರ್ನೆಲ್ ಹಾಸ್ಕಿನ್ಸ್ ಅವರ ಪಾಳಿ ಬದಲಾವಣೆ ಅರ್ಜಿ, ನಮೂನೆ 6.
2) ಅದೇ ಲಾರಿಯಲ್ಲಿ ಹಿಮ ತಳ್ಳುವ ಪಕ್ಕದ ಹಲಗೆ ನಡೆಸುವ ಶ್ರೀ ಯೂಜೀನ್ ಮ್ರೊಜೆಕ್ ಅವರ ಅರ್ಜಿ, ಅದೇ ನಮೂನೆ.
3) ಊಟದ ಕೋಣೆಯ ಮುರಿದ ಕುರ್ಚಿ.

ಪ್ರಸ್ತಾವನೆ:

ಆಟಗಾರರ ಅದಲುಬದಲಿಗೆ ಲೀಗ್ ನೀಡಿರುವ ಗಡುವು ಇದೇ ಗುರುವಾರ ಮಧ್ಯಾಹ್ನ ಎರಡು ಗಂಟೆ. ಹದಿನಾಲ್ಕು ಅಂಗುಲ ಹಿಮ ಬೀಳುವುದೂ ಅದೇ ಗುರುವಾರ. ಈ ಎರಡರಲ್ಲಿ ಯಾವುದು ಇಲಾಖೆಯ ಕೆಲಸ ಎಂಬ ಬಗ್ಗೆ ಸಿಬ್ಬಂದಿಗೆ ಗೊಂದಲವಿರುವುದು ಕಂಡುಬಂದಿದೆ. ಎರಡನೆಯದು.

ಶ್ರೀ ಹಾಸ್ಕಿನ್ಸ್ ಅವರು ತಮಾಷೆಗೆಂದು ನಮೂನೆ 6ರಲ್ಲಿ ಹೀಗೆ ತುಂಬಿರುತ್ತಾರೆ: 'ಬಿಟ್ಟುಹೋಗುವವರು: ಡೆ. ಕಿಲ್‌ಬ್ರೂ. ಬದಲಿಗೆ ಬರುವವರು: ಈಗ ಇಬ್ಬರು ಎಳೆಯರು, ಮುಂದೆ ಮೂವರು. ಕಾರಣ: ಮೊಣಕಾಲು.' ಸದರಿ ಅರ್ಜಿಯ ಮೇಲೆ 'ಮಂಜೂರು' ಎಂಬ ಮುದ್ರೆ ಬಿದ್ದಿರುತ್ತದೆ. ಅಧೀಕ್ಷಕರು ಸ್ಯಾಂಡ್‌ವಿಚ್ ತಿನ್ನುತ್ತಾ ಮುದ್ರೆ ಒತ್ತುವ ಪದ್ಧತಿ ಹನ್ನೊಂದು ವರ್ಷಗಳಿಂದ ಜಾರಿಯಲ್ಲಿದ್ದು, ಅದರ ಪರಿಶೀಲನೆ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಮಂಜೂರಾತಿಯ ಮೇರೆಗೆ ಇಲಾಖೆಯ ಗಂಬೂಟುಗಳನ್ನು ಹಿಂದಿರುಗಿಸುವಂತೆ ಶ್ರೀ ಕಿಲ್‌ಬ್ರೂ ಅವರಿಗೆ ನೋಟಿಸ್ ಹೋಗಿದೆ. ಉತ್ತರ ಬಂದಿಲ್ಲ.

ಶುಕ್ರವಾರ ಕರಿದ ಮೀನಿನ ಊಟದ ಹೊತ್ತಿಗೆ ಶ್ರೀ ಹಾಸ್ಕಿನ್ಸ್ ಅವರು ಸದರಿ ಅರ್ಜಿಯನ್ನು ಗೋಡೆಗೆ ಅಂಟಿಸಿ, ಕುರ್ಚಿ ಹತ್ತಿ (ಉಲ್ಲೇಖ 3) ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೊಣಕಾಲು ಹೋದೋನ್ನ ಇಟ್ಕೊಂಡು ಪೂಜೆ ಮಾಡ್ತೀರೇನ್ರಯ್ಯಾ? ಬೆಲೆ ಇರೋವಾಗ್ಲೇ ಕೊಟ್ಟು ಕೈತೊಳ್ಕೊಳ್ಳಿ!"

ಶ್ರೀ ಮ್ರೊಜೆಕ್ ಅವರಿಗೆ ಅರವತ್ತೊಂದು ವರ್ಷ. ಅವರ ಎಡ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದ್ದು, ಲಾರಿ ಹತ್ತಲು ಈಗ ಮೂರು ಪ್ರಯತ್ನಗಳು ಬೇಕಾಗುತ್ತವೆ. ಅವರು ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಹಂಗಾದ್ರೆ ನನ್ನೂ ಕೊಟ್ಬಿಡು, ಡಾರ್ನೆಲ್," ಎಂದು ಎದ್ದು ಹೋಗಿರುತ್ತಾರೆ. ಹತ್ತೊಂಬತ್ತು ವರ್ಷ ಒಂದೇ ಲಾರಿಯಲ್ಲಿ, ಒಂದೇ ಫ್ಲಾಸ್ಕಿನ ಕಾಫಿ ಕುಡಿದವರು ಇಬ್ಬರೂ. ಮರುದಿನ ಶ್ರೀ ಮ್ರೊಜೆಕ್ ಅವರಿಂದ ನಮೂನೆ 6 ಬಂತು: 'ಬಿಟ್ಟುಹೋಗುವವರು: ಯೂ. ಮ್ರೊಜೆಕ್. ಬದಲಿಗೆ ಬರುವವರು: ಈಗ ಇಬ್ಬರು ಎಳೆಯರು, ಮುಂದೆ ಮೂವರು. ಕಾರಣ: ಮೊಣಕಾಲು.' ಅದರ ಮೇಲೂ ಮುದ್ರೆ ಬಿದ್ದಿರುತ್ತದೆ. ಅಂದೂ ಸ್ಯಾಂಡ್‌ವಿಚ್ ಇತ್ತು.

ಮುದ್ರೆ ಬಿದ್ದ ನಮೂನೆಯನ್ನು ರದ್ದುಪಡಿಸುವ ಅಧಿಕಾರ ಅಧೀಕ್ಷಕರಿಗೂ ಇಲ್ಲ. ಬುಧವಾರ ಸಂಜೆ ಐದರೊಳಗೆ ಲಾರಿಯ ಇಬ್ಬರೂ ರದ್ದತಿ ಅಂಕಣದಲ್ಲಿ ಸಹಿ ಹಾಕದಿದ್ದರೆ ಶ್ರೀ ಮ್ರೊಜೆಕ್ ಅವರು ದಕ್ಷಿಣ ಡಿಪೋಗೆ ಸೇರುತ್ತಾರೆ. ಅಧೀಕ್ಷಕರಿಗೆ ಮೂರು ದಿನದಿಂದ ಸ್ಯಾಂಡ್‌ವಿಚ್ ಸೇರುತ್ತಿಲ್ಲ. ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಚರ್ಚೆಯನ್ನು ಲಾರಿ ನಿಂತಿರುವಾಗ ಮಾತ್ರ, ಏಳು ನಿಮಿಷ ಮೀರದಂತೆ ನಡೆಸತಕ್ಕದ್ದು. ವೈರ್‌ಲೆಸ್‌ನಲ್ಲಿ ನಡೆಸತಕ್ಕದ್ದಲ್ಲ. ಕಳೆದ ವಾರ ಇಬ್ಬರು ಚಾಲಕರು ಕೊನೆಯ ಮಾತು ತಮ್ಮದೇ ಆಗಬೇಕೆಂದು ಒಂದೇ ಬೀದಿಯನ್ನು ನಾಲ್ಕು ಸಲ ಗುಡಿಸಿದ್ದು, ಪಕ್ಕದ ಬೀದಿಯ ನಿವಾಸಿಗಳು ಇನ್ನೂ ಹೊರಬಂದಿಲ್ಲ.

2. ಅದಲುಬದಲಿನ ಪ್ರಸ್ತಾವನೆಯಲ್ಲಿ ಸ್ವಂತ ಭಾವಮೈದುನನನ್ನು ಸೇರಿಸತಕ್ಕದ್ದಲ್ಲ. ಲಾರಿ 9ರವರು ವಿಶೇಷವಾಗಿ ಗಮನಿಸುವುದು. ಎದುರು ತಂಡ ಒಪ್ಪುವುದಿಲ್ಲ.

3. ಶ್ರೀ ಕಿಲ್‌ಬ್ರೂ ಎಲ್ಲಿಂದ ಚೆಂಡು ಎಸೆದರು ಎಂದು ತೋರಿಸಲು ರಸ್ತೆಗೆ ಹಾಕುವ ಉಪ್ಪಿನಿಂದ ನೆಲದ ಮೇಲೆ ಆಟದ ಅಂಗಳ ಬರೆಯುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಬರೆದಿರುವುದು ಚೆನ್ನಾಗಿದೆ, ಅದನ್ನು ತುಳಿಯತಕ್ಕದ್ದಲ್ಲ.

4. ಡಿಪೋ ಆವರಣದಲ್ಲಿ 'ಮೊಣಕಾಲು' ಎಂಬ ಪದದ ಬಳಕೆಯನ್ನು ಈ ಕ್ಷಣದಿಂದ ಹಿಂಪಡೆಯಲಾಗಿದೆ. ಅನಿವಾರ್ಯವಾದಲ್ಲಿ 'ಕಾಲಿನ ಮಧ್ಯಭಾಗ' ಎನ್ನತಕ್ಕದ್ದು. ಯಾರಾದರೂ ಲಾರಿ ಹತ್ತುತ್ತಿರುವಾಗ ಉಳಿದವರು ಗೋಡೆ ಗಡಿಯಾರ ನೋಡತಕ್ಕದ್ದು.

5. ಸೋಮವಾರ ಬೆಳಿಗ್ಗೆ ಲಾರಿ 14ರ ಬಲಬಾಗಿಲ ಕೆಳಗೆ, ಶ್ರೀ ಮ್ರೊಜೆಕ್ ಅವರು ಹತ್ತುವ ಕಡೆ, ಹೊಸ ಕಬ್ಬಿಣದ ಮೆಟ್ಟಿಲೊಂದು ವೆಲ್ಡ್ ಆಗಿರುವುದು ಕಂಡುಬಂದಿದೆ. ಇದಕ್ಕೆ ಅನುಮತಿ ಇರುವುದಿಲ್ಲ. ವಿಚಾರಣೆಯಲ್ಲಿ ಶ್ರೀ ಹಾಸ್ಕಿನ್ಸ್ ಅವರು, "ನಂಗೇನ್ ಗೊತ್ತು ಮೇಡಂ? ಲಾರಿ ತಾನಾಗೇ ಬೆಳೆಸ್ಕೊಂಡಿರ್ಬೇಕು," ಎಂದಿರುತ್ತಾರೆ. ಅವರ ಬಲಗೈಗೆ ಸುಟ್ಟಗಾಯದ ಪಟ್ಟಿ ಇತ್ತು. ಸದರಿ ಮೆಟ್ಟಿಲು ಲಾರಿ ತಯಾರಾದ ದಿನದಿಂದಲೂ ಇತ್ತೆಂದು ಭಾವಿಸತಕ್ಕದ್ದು.

6. ಉಲ್ಲೇಖ 2ರ ಅರ್ಜಿಯಲ್ಲಿ 'ಬದಲಿಗೆ ಬರುವವರು' ಎಂಬ ಸಾಲನ್ನು ಶ್ರೀ ಹಾಸ್ಕಿನ್ಸ್ ಅವರು ಹೊಡೆದುಹಾಕಿ, "ಇಡೀ ಡಿಪೋ ಕೊಟ್ರೂ ಇವನನ್ನ ಕೊಡಲ್ಲ. ಅವನೇ ಬೇರೆ, ಇವನೇ ಬೇರೆ, ಅಷ್ಟೂ ತಿಳಿಯಲ್ವಾ ಮುದುಕಾ?" ಎಂದು ಬರೆದು ರದ್ದತಿ ಅಂಕಣದಲ್ಲಿ ಸಹಿ ಹಾಕಿರುತ್ತಾರೆ. ನಮೂನೆಯನ್ನು ಗೀಚಿ ಹಾಳುಮಾಡಿದ್ದಕ್ಕೆ ಅವರಿಗೆ ಎಚ್ಚರಿಕೆ ನೀಡಲಾಗಿದೆ. ಎರಡನೆಯ ಸಹಿ ಬಾಕಿ ಇದೆ.

ಸಹಿ/-
ಲೊರೇನ್ ಕುಬಿಯಾಕ್
ಅಧೀಕ್ಷಕರು, ಉತ್ತರ ಡಿಪೋ

ಪ್ರತಿಗಳು:
1. ಶ್ರೀ ಡೆವಾಂಟೆ ಕಿಲ್‌ಬ್ರೂ ಅವರಿಗೆ: ಗಂಬೂಟುಗಳ ಬಗ್ಗೆ ಎರಡನೆಯ ನೆನಪೋಲೆ.
2. ಲಾರಿ 9ರ ಭಾವಮೈದುನನಿಗೆ: ಮಾಹಿತಿಗಾಗಿ.
3. ಶ್ರೀ ಯೂಜೀನ್ ಮ್ರೊಜೆಕ್ ಅವರಿಗೆ: ನಮೂನೆ ಮತ್ತು ಪೆನ್ನನ್ನು ಲಾರಿ 14ರೊಳಗೆ ತಮ್ಮ ಆಸನದ ಮೇಲೆ ಇಡಲಾಗಿದೆ. ಬೇರೆಲ್ಲೂ ಸಿಗುವುದಿಲ್ಲ.
4. ಕಚೇರಿ ಪ್ರತಿ. (ಬುಧವಾರ 4.50ಕ್ಕೆ ಕೈಬರಹದಲ್ಲಿ ಸೇರಿಸಿದ್ದು: ಗಡಿಯಾರ ನೋಡುತ್ತಿದ್ದೆವು, ಆದರೂ ಕಂಡಿತು. ಶ್ರೀ ಮ್ರೊಜೆಕ್ ಒಂದೇ ಪ್ರಯತ್ನದಲ್ಲಿ ಹತ್ತಿದರು. ಸಹಿ ಬಂದಿದೆ. ಇಬ್ಬರೂ ಈಗ ಲಾರಿಯೊಳಗೆ ಕಿಲ್‌ಬ್ರೂ ವಿಷಯಕ್ಕೆ ಗಂಟಲು ಹರಿದುಕೊಳ್ಳುತ್ತಿದ್ದು, ಏಳು ನಿಮಿಷ ಮೀರಿ ಬಹಳ ಹೊತ್ತಾಯಿತು. ಕ್ರಮ ಬೇಡ. ಲೊ. ಕು.)