ಹಳದಿ ವೈರಿನೊಳಗೆ ತಾಮ್ರ ಹುಡುಕಿದವನು

ಗೋಡೆಯ ಮೇಲಿರುವ ಎರಡು ಡಬ್ಬಿ ಇಳಿಸುವುದು, ಒಂದು ಡಬ್ಬಿ ಏರಿಸುವುದು. ಕೆಲಸ ಇಷ್ಟೇ. ಗುಬ್ಬಿ ಪೇಟೆಯಲ್ಲಿ ಅರ್ಧ ಆಯುಷ್ಯ ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಸುತ್ತಿದ ಕೈ ನನ್ನದು. ಸುಟ್ಟು ಕರಕಲಾದ ಮೋಟಾರುಗಳಿಗೆ ಮತ್ತೆ ಜೀವ ಕೊಟ್ಟು ಎಷ್ಟೋ ತೆಂಗಿನ ತೋಟಗಳಿಗೆ ನೀರು ಹಾಯಿಸಿದವನಿಗೆ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ ಒಂದು ಲೆಕ್ಕವೇ?

ಅಲ್ಲ ಎಂದುಕೊಂಡಿದ್ದೆ. ತಪ್ಪು ಮಾಡಿದವನು ತಾನೇ ಬಾಯಿಬಿಟ್ಟು ಹೇಳಿದರೆ ಅರ್ಧ ಪಾಪ ಕಳೆಯುತ್ತದೆಂದು ನಮ್ಮವ್ವ ಹೇಳುತ್ತಿದ್ದಳು. ಆ ಅರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದರ್ಧವನ್ನು ಮನೆಯವರು ಆಗಲೇ ವಸೂಲಿ ಮಾಡಿದ್ದಾರೆ.

ನಾವಿರುವುದು ತುಮಕೂರಿನ ಬಟವಾಡಿಯಲ್ಲಿ. ಮಗ ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಸೊಸೆ ಲತಾ ಮನೆಯಲ್ಲೇ ಕೂತು ಒಂದು ವಿಮಾ ಕಂಪನಿಯ ಕ್ಲೇಮು ಕಾಗದಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುತ್ತಾಳೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡುವುದೋ, ಮನೆಗೆ ಕಳಿಸುವುದೋ ಎಂದು ತೀರ್ಮಾನಿಸಲು ಕಂಪನಿಯ ದೊಡ್ಡ ಅಧಿಕಾರಿ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಅವಳನ್ನು ಕಂಪ್ಯೂಟರಿನಲ್ಲಿ ಮಾತಾಡಿಸುವವರಿದ್ದರು. ಮನೆಯಲ್ಲೇ ಇರುವವಳನ್ನು ಮನೆಗೆ ಕಳಿಸುವುದು ಹೇಗೆ ಎಂದು ನಾನು ತಮಾಷೆ ಮಾಡಿದ್ದೆ. ಯಾರೂ ನಕ್ಕಿರಲಿಲ್ಲ.

ನಮ್ಮ ಮನೆಯ ನೆಟ್ಟಿನ ವ್ಯವಸ್ಥೆ ಹೀಗಿತ್ತು. ಬೀದಿಯ ಕಂಬದಿಂದ ಒಂದು ಹಳದಿ ವೈರು ಕಿಟಕಿಯ ಮೂಲಕ ಒಳಗೆ ಬಂದು ಒಂದು ಡಬ್ಬಿ ಸೇರುತ್ತಿತ್ತು. ಅದು ಮೋಡೆಮ್. ಅಲ್ಲಿಂದ ಇನ್ನೊಂದು ವೈರು ಹೊರಟು ಪಕ್ಕದ ಡಬ್ಬಿಗೆ ಹೋಗುತ್ತಿತ್ತು. ಅದು ರೌಟರ್. ಮನೆಗೆಲ್ಲ ವೈಫೈ ಹಂಚುವುದು ಅದರ ಕೆಲಸ. ಇವೆರಡೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ. ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು. ಮೀಟಿಂಗಿನ ಮಧ್ಯೆ ಲತಾಳ ಮುಖ ಬಾಯಿ ತೆರೆದ ಹಾಗೆಯೇ ನಿಂತುಬಿಡುತ್ತಿತ್ತಂತೆ. ಅವಳು ಫೋನ್ ಮೇಲೆ ಫೋನ್ ಮಾಡಿ ದೂರು ಕೊಟ್ಟ ಮೇಲೆ, ನೆಟ್ ಕೊಡುವವರು ಎರಡೂ ಕೂಡಿರುವ ಒಂದೇ ಹೊಸ ಡಬ್ಬಿಯನ್ನು ಕಳಿಸಿದರು. ಅದನ್ನು ಕೂರಿಸಲು ಟೆಕ್ನಿಷಿಯನ್ ಸೋಮವಾರ ಬೆಳಿಗ್ಗೆ ಬರುತ್ತಾನೆ ಎಂದರು.

ಶನಿವಾರ ಲತಾ, ಮಗ ಇಬ್ಬರೂ ಅವಳ ಅಣ್ಣನ ಮಗುವಿನ ನಾಮಕರಣಕ್ಕೆಂದು ಅಮೃತೂರಿಗೆ ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಲತಾ ನನ್ನ ಕಡೆ ತಿರುಗಿದಳು.

"ಮಾವ, ಆ ಬಾಕ್ಸ್ ಮುಟ್ಟಬೇಡಿ. ಅವ್ರೇ ಬಂದು ಹಾಕ್ತಾರೆ."

"ನಂಗ್ಯಾಕಮ್ಮ ಅದರ ಉಸಾಬರಿ" ಅಂದೆ.

ಭಾನುವಾರ ಮಧ್ಯಾಹ್ನದ ಕಾಫಿಯವರೆಗೆ ಈ ಮಾತನ್ನು ಚಾಚೂತಪ್ಪದೆ ಪಾಲಿಸಿದೆ!

ಕಾಫಿಗೆ ಪಕ್ಕದ ಮನೆಯ ರುದ್ರೇಶ ಬಂದಿದ್ದ. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದು ಈಗ ಮನೆಯಲ್ಲಿ ಕ್ರಿಕೆಟ್ ನೋಡುವುದನ್ನೇ ಉದ್ಯೋಗ ಮಾಡಿಕೊಂಡವನು. ಮೇಜಿನ ಮೇಲಿದ್ದ ಹೊಸ ಡಬ್ಬಿಯನ್ನು ತಿರುಗಿಸಿ ನೋಡಿ, "ಇದಕ್ಕೂ ಟೆಕ್ನಿಷಿಯನ್ ಬೇಕಾ ಗಂಗಣ್ಣ? ನೀವಿದೀರಲ್ಲ" ಅಂದ. ಅಂದವನು ಲೋಟ ಕೆಳಗಿಟ್ಟು ಮ್ಯಾಚು ಶುರುವಾಯಿತೆಂದು ಎದ್ದುಹೋದ. ಅವನು ಬಿಟ್ಟುಹೋದ ಮಾತು ಮಾತ್ರ ಹಾಲ್‌ನಲ್ಲೇ ಕೂತಿತ್ತು.

ಅಟ್ಟದಿಂದ ನನ್ನ ಹಳೆಯ ಟೂಲ್ ಚೀಲ ಇಳಿಸಿದೆ. ನನ್ನ ಹೆಂಡತಿ ಜಯಮ್ಮ ಅಡುಗೆಮನೆಯಿಂದ ಇಣುಕಿ, "ಲತಾ ಏನಂದ್ಲು ನೆನಪೈತಾ?" ಅಂದಳು. ನೆನಪಿದೆ ಎಂದೆ. ಸುಳ್ಳಲ್ಲ.

ಹಳೆಯ ಡಬ್ಬಿಗಳು ನಿಮಿಷದಲ್ಲಿ ಕೆಳಗಿಳಿದವು. ಇನ್ನು ಹೊಸದಕ್ಕೆ ಜಾಗ. ಹಳೆಯವು ಕಿಟಕಿಯ ಪಕ್ಕ ಸೊಂಟದ ಎತ್ತರದಲ್ಲಿದ್ದವು. ಅಲ್ಲೇ ನನ್ನ ಅನುಭವ ಅಡ್ಡ ಬಂತು. ತೊಟ್ಟಿ ಎಷ್ಟು ಎತ್ತರದಲ್ಲಿದ್ದರೆ ನೀರು ಅಷ್ಟು ಜೋರಾಗಿ ಇಳಿಯುತ್ತದೆ. ಹಾಗಾದರೆ ವೈಫೈ? ಹಾಲ್‌ನ ನಡುಗೋಡೆಯಲ್ಲಿ, ಯಡಿಯೂರು ಸಿದ್ಧಲಿಂಗೇಶ್ವರನ ಪಟದ ಮೇಲುಗಡೆ ಮೊಳೆ ಹೊಡೆದು ಡಬ್ಬಿಯನ್ನು ನೇತುಹಾಕಿದೆ. ನೋಡಲು ಭವ್ಯವಾಗಿತ್ತು. ಹಳದಿ ವೈರು ಮಾತ್ರ ಎರಡು ಮೊಳ ಕಡಿಮೆ ಬಿತ್ತು.

ಈ ಘಟ್ಟದಲ್ಲಿ ಬುದ್ಧಿವಂತನಾದವನು ಡಬ್ಬಿಯನ್ನು ಕೆಳಗಿಳಿಸುತ್ತಾನೆ. ಪಂಪ್‌ಸೆಟ್ ಮೆಕ್ಯಾನಿಕ್ ವೈರನ್ನು ಉದ್ದ ಮಾಡುತ್ತಾನೆ.

ಬೋರ್‌ವೆಲ್ಲಿನಿಂದ ಸ್ಟಾರ್ಟರಿಗೆ ವೈರು ಸಾಲದೆ ಬಂದಾಗ ನಾವು ಮಾಡುತ್ತಿದ್ದುದು ಒಂದೇ ಕೆಲಸ. ಕತ್ತರಿಸು, ಹಲ್ಲಿನಲ್ಲಿ ಸುಲಿ, ತಾಮ್ರಕ್ಕೆ ತಾಮ್ರ ಹೊಸೆ, ಟೇಪು ಸುತ್ತು. ಹಳದಿ ವೈರಿನ ತುದಿಯಲ್ಲಿ ಒಂದು ಪುಟ್ಟ ಹಸಿರು ಪಿನ್ನಿತ್ತು. ಅದನ್ನು ಒಂದು ಗೇಣು ವೈರಿನ ಸಮೇತ ಕಟಕ್ಕನೆ ಕತ್ತರಿಸಿದೆ. ಉಳಿದ ತುದಿಯನ್ನು ಬಾಯಿಗಿಟ್ಟು ಸುಲಿದೆ.

ಒಳಗೆ ತಾಮ್ರವಿರಲಿಲ್ಲ. ಅಲ್ಯೂಮಿನಿಯಮ್ಮೂ ಇರಲಿಲ್ಲ. ರೇಷ್ಮೆಯಂಥ ಒಂದಿಷ್ಟು ನೂಲು, ಅದರ ನಡುವೆ ಮೀನುಗಾಳದ ದಾರದಂಥದ್ದೊಂದು. ಮುಟ್ಟುತ್ತಲೇ ಟಕ್ ಎಂದು ಮುರಿಯಿತು. ಇನ್ನಷ್ಟು ಸುಲಿದೆ. ಮತ್ತೆ ನೂಲು. ಇನ್ನಷ್ಟು. ನೂಲೇ. ನಲವತ್ತು ವರ್ಷ ವೈರು ಸುಲಿದವನ ಹಲ್ಲಿಗೆ ಇಂಥ ಅವಮಾನ ಆಗಿರಲಿಲ್ಲ.

"ಜಯಾ, ಮೋಸ ಮಾಡವ್ರೆ ಕಣೇ. ವೈರೊಳಗೆ ತಾಮ್ರಾನೇ ಹಾಕಿಲ್ಲ" ಎಂದೆ.

ಜಯಮ್ಮ ಬಂದು ಬೆರಳಿನಲ್ಲಿ ಮುಟ್ಟಿ ನೋಡಿದಳು. "ಇಷ್ಟು ದಿನ ಬತ್ತಿತ್ತಲ್ಲ, ಎಂಗ್ ಬತ್ತಿತ್ತು?" ಅಂದಳು.

ಬಹಳ ಒಳ್ಳೆಯ ಪ್ರಶ್ನೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಟೆಸ್ಟರ್ ತಂದು ಇಟ್ಟು ನೋಡಿದೆ. ದೀಪ ಉರಿಯಲಿಲ್ಲ. ಆದ್ದರಿಂದ ಲೈನು ಆಫಾಗಿದೆ, ಅದು ಅವರ ತಪ್ಪು ಎಂದು ತೀರ್ಮಾನಿಸಿದೆ. ಚೀಲದಲ್ಲಿ ಹಳೆಯ ಕಾಲಿಂಗ್ ಬೆಲ್ಲಿನ ವೈರಿನ ತುಂಡೊಂದಿತ್ತು. ಒಳ್ಳೆಯ ತಾಮ್ರ. ಅವರು ಹಾಕದ ತಾಮ್ರವನ್ನು ನಾನು ಹಾಕಿದೆ! ಆ ಕಡೆಯ ನೂಲಿಗೆ ಒಂದು ಗಂಟು, ಈ ಕಡೆಯ ನೂಲಿಗೆ ಒಂದು ಗಂಟು, ಮೇಲೆ ಬಿಗಿಯಾಗಿ ಕರಿ ಟೇಪು. ಹಸಿರು ಪಿನ್ನನ್ನು ಡಬ್ಬಿಗೆ ಚುಚ್ಚಿ ಸ್ವಿಚ್ ಒತ್ತಿದೆ.

ದೀಪ ಬಂತು. ಒಂದು ಹಸಿರು ನಿಂತು ಉರಿಯಿತು, ಒಂದು ಕೆಂಪು ಮಿನುಗತೊಡಗಿತು. ಕೆಂಪು ಯಾಕೆ ಎಂದು ಜಯಮ್ಮ ಕೇಳಿದಳು. ಹೊಸದಲ್ಲವೇ, ಯೋಚನೆ ಮಾಡುತ್ತಿದೆ, ಬೆಳಗಾಗುವ ಹೊತ್ತಿಗೆ ಸರಿಹೋಗುತ್ತದೆ ಎಂದೆ. ಮನೆಗೆ ಮಿಕ್ಸಿ ಬಂದರೂ ಅರಿಶಿನ ಕುಂಕುಮ ಹಚ್ಚದೆ ಬಿಡುವವಳಲ್ಲ ಅವಳು. ಕುರ್ಚಿ ಹತ್ತಿ ಡಬ್ಬಿಯ ಹಣೆಗೆ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಸಿಕ್ಕಿಸಿದಳು. ಕುಂಕುಮ ಸರಿಯಾಗಿ ಕೆಂಪು ದೀಪದ ಮೇಲೆಯೇ ಕೂತಿತು. ದೋಷ ಮರೆಯಾಯಿತು.

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ರುದ್ರೇಶನ ತಲೆ ಕಾಣಿಸಿತು. ಮ್ಯಾಚು ನಿಂತುಹೋಯಿತು, ನಿಮ್ಮ ನೆಟ್ಟಿಗೆ ಏನಾಯಿತು ಎಂದು ಕೇಳಿದ.

"ನಮ್ಮ ನೆಟ್ ಹೋದ್ರೆ ನಿನ್ನ ಮ್ಯಾಚ್ ಯಾಕಪ್ಪ ನಿಂತ್ಕತು?"

"ಯುಗಾದೀಲಿ ನೀವೇ ಕೊಟ್ರಲ್ಲ ಗಂಗಣ್ಣ, ಪಾಸ್‌ವರ್ಡು."

ಕೊಟ್ಟಿದ್ದೆ. ನಮ್ಮ ನೆಟ್ಟು ಎಷ್ಟು ಜೋರಿದೆ ಎಂದು ತೋರಿಸಲಿಕ್ಕೆ.

ಸೋಮವಾರ ಬೆಳಿಗ್ಗೆ ಟೆಕ್ನಿಷಿಯನ್ನನ ಫೋನು ಬಂತು. ಹೊರಟಿದ್ದೇನೆ, ಬರಲಾ ಎಂದ. ಆ ಕ್ಷಣದಲ್ಲಿ ದೇವರು ನನ್ನನ್ನು ಉಳಿಸಲು ಚಾಚಿದ ಕೈ ಅದು. ನಾನು ಆ ಕೈಯನ್ನು ಸರಿಸಿ, "ಬ್ಯಾಡಪ್ಪ, ಆಗ್ಲೇ ಫಿಟ್ ಮಾಡಿದ್ದಾಯ್ತು" ಅಂದೆ. ಅವನು ಸಂತೋಷದಿಂದ ಗುಬ್ಬಿಯ ಕಡೆ ಇನ್ನೊಂದು ಕೆಲಸಕ್ಕೆ ಹೊರಟುಹೋದ. ಕುಂಕುಮದ ಅಡಿಯಲ್ಲಿ ಡಬ್ಬಿ ಇನ್ನೂ ಯೋಚಿಸುತ್ತಲೇ ಇತ್ತು.

ಮಗ ಅತ್ತಲಿಂದ ನೇರವಾಗಿ ಸ್ಕೂಲಿಗೆ ಹೋಗಿದ್ದ. ಲತಾ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಒಬ್ಬಳೇ ಬಂದಳು. ಕಾಲು ತೊಳೆದು ಬಂದವಳೇ ಲ್ಯಾಪ್‌ಟಾಪ್ ತೆರೆದಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದೆ.

"ಮಾವ, ನೆಟ್ ಬರ್ತಿಲ್ಲ."

"ಇಡೀ ಬಟವಾಡಿಗೇ ಇಲ್ವಂತೆ ಕಣಮ್ಮ" ಅಂದೆ.

ಅಡುಗೆಮನೆಯಿಂದ ಜಯಮ್ಮನ ದನಿ ಬಂತು: "ಬಟವಾಡಿಗೆಲ್ಲ ಐತೆ. ನಮಗೂ ರುದ್ರೇಶಂಗೂ ಮಾತ್ರ ಇಲ್ಲ."

ಲತಾ ತಲೆಯೆತ್ತಿ ನೋಡಿದಳು. ಪಟದ ಮೇಲೆ ಹೂ ಮುಡಿದು ಕೂತ ಡಬ್ಬಿ. ಅದರಿಂದ ಇಳಿದ ಹಳದಿ ವೈರು, ಕರಿ ಟೇಪು, ಬಿಳಿ ಬೆಲ್ ವೈರು, ಮತ್ತೆ ಕರಿ ಟೇಪು, ಮತ್ತೆ ಹಳದಿ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ. ಗಡಿಯಾರ ನೋಡಿ, ಕುರ್ಚಿಯ ಮೇಲೆ ಮೆಲ್ಲಗೆ ಕೂತಳು. ಅವಳ ಕಣ್ಣು ತುಂಬಿಕೊಂಡಿತು. ಈ ಕೆಲಸಕ್ಕಾಗಿ ಅವಳು ಎರಡು ವರ್ಷ ಎಲ್ಲೆಲ್ಲಿ ಅರ್ಜಿ ಹಾಕಿದ್ದಳೆಂದು ನನಗೆ ಗೊತ್ತಿತ್ತು. ಪೇಪರು ನನ್ನ ಕೈಯಿಂದ ತಾನೇ ಜಾರಿತು.

ಟೆಕ್ನಿಷಿಯನ್ನನಿಗೆ ಫೋನು ಹಚ್ಚಿದೆ. ಸಂಜೆಗೆ ಮೊದಲು ಆಗುವುದಿಲ್ಲ ಎಂದ. ಲತಾಳ ಫೋನಿಗೆ ನಮ್ಮ ಮನೆಯಲ್ಲಿ, ತಾರಸಿ ಹತ್ತಿದರೂ, ಒಂದು ಕಡ್ಡಿ ಸಿಗ್ನಲ್ಲೂ ಬರುವುದಿಲ್ಲ, ವೈಫೈ ಹಾಕಿಸಿದ್ದೇ ಅದಕ್ಕೆ. ನನ್ನದು ಗುಂಡಿ ಒತ್ತುವ ಫೋನು. ಉಳಿದವನು ರುದ್ರೇಶ. ಅವನ ಫೋನಿಗೆ ತಾರಸಿಯ ಮೇಲೆ ಮಾತ್ರ ಸಿಗ್ನಲ್ಲು ಚೆನ್ನಾಗಿ ಸಿಗುತ್ತಿತ್ತು. ನಾನು ಕೇಳುವ ಮೊದಲೇ ಅವನು ಫೋನು ಕಾಂಪೌಂಡಿನ ಮೇಲೆ ಇಟ್ಟ. ಅಂದಿನ ಮ್ಯಾಚನ್ನೇ ತ್ಯಾಗ ಮಾಡಿದ ಎಂದರೆ ಅವನನ್ನು ಬಲ್ಲವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಹಾಗೆ, ಅವನ ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚಿಕೊಂಡು, ಲತಾಳ ಆಫೀಸು ನಮ್ಮ ತಾರಸಿಗೆ ವರ್ಗವಾಯಿತು. ಎರಡು ಗಂಟೆಯ ಬಿಸಿಲು. ಲ್ಯಾಪ್‌ಟಾಪಿನಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ. ನೆರಳು ಬೇಕಾಯಿತು. ನೆರಳು ಯಾರು ಕೊಡಬೇಕೆಂದು ಚರ್ಚೆಯೇ ನಡೆಯಲಿಲ್ಲ. ಜಯಮ್ಮ ನನ್ನ ದೊಡ್ಡ ಕರಿ ಛತ್ರಿಯನ್ನು ತಂದು ನನ್ನ ಕೈಗೇ ಕೊಟ್ಟಳು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಸೆ. ಹಿಂದೆ, ಉತ್ಸವಮೂರ್ತಿಗೆ ಸತ್ತಿಗೆ ಹಿಡಿದವನ ಹಾಗೆ ನಾನು. ಛತ್ರಿ ಸ್ವಲ್ಪ ವಾಲಿದರೂ ನೆರಳು ಜಾರುತ್ತಿತ್ತು, ಲತಾ ಎಡಗೈಯ ಬೆರಳಾಡಿಸಿ ಬಲಕ್ಕೆ, ಎಡಕ್ಕೆ ಎಂದು ಸೂಚಿಸುತ್ತಿದ್ದಳು. ಅದೇ ತಾರಸಿಯಲ್ಲಿ ಜಯಮ್ಮ ಸಂಡಿಗೆ ಒಣಹಾಕಿದ್ದಳು. ಕಾಗೆಯೊಂದು ಬಂದು ಇಳಿಯಿತು. ಬಾಯಿ ಬಿಟ್ಟು ಓಡಿಸುವಂತಿಲ್ಲ, ಮೀಟಿಂಗು! ಛತ್ರಿ ಅಲುಗಿಸದೆ ಒಂದು ಕಾಲೆತ್ತಿ ಕಾಗೆಯ ಕಡೆ ಝಾಡಿಸಿದೆ. ಚಪ್ಪಲಿ ಹಾರಿ ಸಂಡಿಗೆಯ ಮೇಲೆ ಬಿತ್ತು. ಕಾಗೆ ಕದಲಲಿಲ್ಲ.

ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಅಧಿಕಾರಿ ಇದ್ದಕ್ಕಿದ್ದಂತೆ ಕನ್ನಡಕ್ಕೆ ಇಳಿದರು.

"ಹಿಂದೆ ಒಂಟಿ ಕಾಲಲ್ಲಿ ನಿಂತಿರೋರು ಯಾರಮ್ಮ?"

"ನಮ್ಮ ಮಾವ, ಸರ್. ನಮ್ಮನೆ ನೆಟ್ ರಿಪೇರಿ ಮಾಡಿದ್ರು. ಅದಕ್ಕೇ ಮಹಡಿ ಮೇಲಿದೀವಿ."

ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. "ಪಾಪ, ವಯಸ್ಸಾದೋರು. ಕೂತ್ಕೊಳ್ಳೋಕೆ ಹೇಳಿ."

ಲತಾ ತಿರುಗಿಯೂ ನೋಡಲಿಲ್ಲ. "ಪರವಾಗಿಲ್ಲ ಸರ್, ನಿಂತಿರ್ಲಿ."

ನಿಂತೆ. ಮೀಟಿಂಗು ಮುಗಿಯುವವರೆಗೂ ನಿಂತೆ.

ಸಂಜೆ ಟೆಕ್ನಿಷಿಯನ್ ಬಂದ. ದಪ್ಪ ಮೀಸೆಯ, ಮಾತುಗಾರ ಮನುಷ್ಯ. ಮೊದಲು ನನ್ನ ಕೈಕೆಲಸದ ಫೋಟೋ ತೆಗೆದುಕೊಂಡ. ಆಮೇಲೆ ಟೇಪು ಬಿಚ್ಚಿ ಬಿಳಿ ವೈರನ್ನು ಎತ್ತಿ ಹಿಡಿದ.

"ಇದೇನ್ ಯಜಮಾನ್ರೆ?"

"ಕಾಲಿಂಗ್ ಬೆಲ್ ವೈರು."

"ಯಾರಾದ್ರೂ ಬಂದಿದ್ರಾ?"

ಹಳದಿ ವೈರಿನಲ್ಲಿ ಕರೆಂಟು ಹರಿಯುವುದಿಲ್ಲ, ಬೆಳಕು ಹರಿಯುತ್ತದೆ, ನಾನು ಮುರಿದದ್ದು ದಾರವಲ್ಲ, ಗಾಜಿನ ಎಳೆ ಎಂದು ಅವನು ಹೇಳಿದ. ಕಂಬದಿಂದಲೇ ಹೊಸ ವೈರು ಎಳೆದ. ಹೊಸ ಡಬ್ಬಿಯ ನಂಬರನ್ನು ಅವರ ಆಫೀಸಿನಲ್ಲಿ ಸೇರಿಸಿದ ಮೇಲೆಯೇ ಅದು ಕೆಲಸ ಮಾಡುವುದಂತೆ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಿದ ಹಾಗೆ. ನಾನು ವೈರು ಕತ್ತರಿಸದಿದ್ದರೂ ನೆಟ್ಟು ಬರುತ್ತಿರಲಿಲ್ಲ. ನನಗೆ ಹೋದ ಜೀವ ಬಂತು.

"ನೋಡ್ದಾ, ಕತ್ತರಿಸಿದ್ದೇನೂ ತಪ್ಪಲ್ಲ" ಎಂದು ಜಯಮ್ಮನಿಗೆ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡಿ, "ಅಲ್ಲ, ಗಾಜಂತಲ್ಲ, ಹಲ್ಲಲ್ಲಿ ಸುಲಿದ್ರಲ್ಲ, ನುಂಗಿಲ್ಲ ತಾನೆ?" ಅಂದಳು. ಆ ರಾತ್ರಿ ನನಗೆ ಎರಡು ಬಾಳೆಹಣ್ಣು ಹೆಚ್ಚು ಸಿಕ್ಕಿತು.

ವಾರದೊಳಗೆ ಲತಾಳ ಕೆಲಸ ಖಾಯಂ ಆಯಿತು. ಕಷ್ಟದಲ್ಲೂ ಮೀಟಿಂಗು ತಪ್ಪಿಸದ ಹುಡುಗಿ ಎಂದು ಅಧಿಕಾರಿ ಮೆಚ್ಚಿದರಂತೆ. ಆ ಕಷ್ಟವನ್ನು ಒದಗಿಸಿದವನು ನಾನು ಎಂದು ಹೇಳಿಕೊಳ್ಳಲು ಬಾಯಿ ತೆರೆದೆ. ಜಯಮ್ಮ ಮೈಸೂರುಪಾಕ್ ತುಂಡೊಂದನ್ನು ಅದಕ್ಕೆ ತುರುಕಿದಳು.

ಈಗ ಹೊಸ ಡಬ್ಬಿ ಹಳೆಯ ಜಾಗದಲ್ಲೇ, ಸೊಂಟದ ಎತ್ತರದಲ್ಲಿದೆ, ಒಂದು ಸಲವೂ ಮಲಗಿಲ್ಲ. ವೈಫೈಗೆ ಒಂದು ಹೆಸರಿಡಬೇಕಂತೆ. ಲತಾ ಇಟ್ಟಿದ್ದಾಳೆ: 'ಮಾವ ಮುಟ್ಟಬೇಡಿ.' ನಮ್ಮ ಬೀದಿಯಲ್ಲಿ ಯಾರು ವೈಫೈ ಹುಡುಕಿದರೂ ಮೊದಲು ಕಾಣುವುದು ಇದೇ. ಮೊನ್ನೆ ತರಕಾರಿ ಗಾಡಿಯವನೂ ಡಬ್ಬಿ ಹೇಗಿದೆ ಎಂದು ವಿಚಾರಿಸಿದ.

ಪಾಸ್‌ವರ್ಡನ್ನು ನನಗೆ ಹೇಳಿಲ್ಲ. ಕೇಳುವ ಮುಖವೂ ನನಗಿಲ್ಲ. ಮಗ ಹೊಸ ಫೋನು ಕೊಡಿಸಿದ್ದಾನೆ, ಆದರೂ ಏನು ಪ್ರಯೋಜನ? ಆಪತ್ಕಾಲದಲ್ಲಿ ಆದವನು ಎಂದು ಲತಾ ಪಾಸ್‌ವರ್ಡನ್ನು ರುದ್ರೇಶನಿಗೆ ಮಾತ್ರ ಕೊಟ್ಟಿದ್ದಾಳೆ. ಅದಕ್ಕೇ ಸಂಜೆ ಹೊತ್ತು ಪಕ್ಕದ ಮನೆಗೆ ಹೋಗಿ, ಅವನ ಪಕ್ಕ ಕೂತು, ನಮ್ಮ ಮನೆಯ ನೆಟ್ಟಿನಲ್ಲಿ ಮ್ಯಾಚು ನೋಡಿಕೊಂಡು ಬರುತ್ತೇನೆ.