ಹೆಬ್ಬೆರಳಿನಷ್ಟು ರವೆ

ಸಿದ್ದೇಶ ಅವ್ವನಿಗೆ ಒಳ್ಳೆಯದು ಮಾಡಲು ಹೋದ. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಅವಳು ಬಾಗಲಕೋಟೆಯಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಹಿತ್ತಾಳೆ ಬಟ್ಟಲಿನ ಮಗ್ಗುಲಲ್ಲಿ ಒಂದು ತಗ್ಗಿತ್ತು. ದುಬೈಯ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಎಂಜಿನಿಯರನ ಮನೆಯಲ್ಲಿ ತಗ್ಗು ಬಿದ್ದ ಬಟ್ಟಲೇ? ಶನಿವಾರ ಬೆಳಿಗ್ಗೆ ರಬ್ಬರ್ ಸುತ್ತಿಗೆಯಿಂದ ಒಳಗಿನಿಂದ ನಾಲ್ಕು ಏಟು ಹಾಕಿ, ನೀಟಾಗಿ ಸರಿಮಾಡಿ ಇಟ್ಟ.

ಅವ್ವ ಗಿರಿಜವ್ವ ಕನ್ನಡಕವಿಲ್ಲದೆಯೇ ಅದರಲ್ಲಿ ರವೆ, ಸಕ್ಕರೆ ಅಳೆದು, ಬೇರೆ ಬೇರೆ ಡಬ್ಬಿಗೆ ಸುರಿದು ಸ್ನಾನಕ್ಕೆ ಹೋದಳು. ಬಟ್ಟಲು ನೋಡಿದ ಹೆಂಡತಿ ಮಧುಮತಿ ಹಣೆ ಬಡಿದುಕೊಂಡಳು.

"ಅತ್ತಿ ಅಳತಿ ಎಲ್ಲಾ ಆ ತಗ್ಗಿನ ಲೆಕ್ಕದಾಗ ಐತ್ರೀ. ಈಗ ಬಟ್ಟಲಾ ದೊಡ್ಡದಾತು. ಉಂಡಿ ಕೆಟ್ವು ಅಂದ್ರ?"

ಸಿದ್ದೇಶ ಸ್ನಾನದ ಮನೆಯ ಬಾಗಿಲ ಕಡೆ ನೋಡಿದ. ಎರಡು ತಿಂಗಳಿಂದ ಸಿಲಿಕಾನ್ ಓಯಸಿಸ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಅವ್ವ ಕಿಟಕಿಯ ಬಳಿ ಕೂತೇ ದಿನ ಕಳೆಯುತ್ತಿದ್ದಳು. ಯಾರಿಗೂ ಅವಳಿಂದ ಏನೂ ಬೇಕಿರಲಿಲ್ಲ. ನಿನ್ನೆ ಲಿಫ್ಟಿನಲ್ಲಿ ನೆರೆಯ ಹೆಂಗಸರು, "ಆಂಟಿ, ನಿಮ್ಮೂರಿನ ರವೆ ಉಂಡೆ ಮಾಡಿ, ನಾಳೆ ಸಂಜೆ ಬರ್ತೇವೆ" ಎಂದಿದ್ದರು. ಆಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಉಂಡೆ ಕೆಟ್ಟರೆ ಮತ್ತೆ ಕಿಟಕಿಗೇ ಹೋಗಿ ಕೂರುತ್ತಾಳೆ.

ಎದುರು ಫ್ಲ್ಯಾಟಿನ ಆಲ್ವಿನ್ ಹೋಟೆಲ್ ಬೇಕರಿಯವನು. ಮನೆಯಲ್ಲೂ ಉಪ್ಪನ್ನು ತೂಗಿಯೇ ಹಾಕುವವನು. ಕರೆದದ್ದೇ ತಡ, ತಕ್ಕಡಿ ಹಿಡಿದುಕೊಂಡೇ ಬಂದ.

"ತಗ್ಗು ಎಷ್ಟಿತ್ತು ಮಾರಾಯ್ರೇ?"

"ನನ್ನ ಹೆಬ್ಬೆರಳು ಹಿಡಸೂವಷ್ಟು."

"ಹಾಗಾದ್ರೆ ತುಂಬಿದ ಲೋಟದಲ್ಲಿ ಹೆಬ್ಬೆರಳು ಅದ್ದಿ. ಚೆಲ್ಲಿದ ನೀರು ತೂಗುವ."

ಸಿದ್ದೇಶ ಭಕ್ತಿಯಿಂದ ಅದ್ದಿದ. ಇಪ್ಪತ್ತು ಗ್ರಾಂ ಬಂತು.

"ಅಂದ್ರ ಬಟ್ಟಲಿಗೆ ಇಪ್ಪತ್ತು ಗ್ರಾಂ ರವಾ ತಗದ್ರಾತು."

"ನೀರಿನ ಲೆಕ್ಕ ರವೆಗೆ ಹಾಕ್ತೀರಾ? ಅಷ್ಟೇ ಜಾಗದಲ್ಲಿ ರವೆ ಹಗುರ, ಸಕ್ಕರೆ ಅದಕ್ಕಿಂತ ಭಾರ. ಒಂದೊಂದಕ್ಕೂ ಬೇರೆ ಲೆಕ್ಕ ಉಂಟು."

ಆಲ್ವಿನ್ ಲೆಕ್ಕ ಹಾಕಿ ರವೆ ತೆಗೆದ. ಮಧುಮತಿ ಕಣ್ಣಂದಾಜಿನಲ್ಲಿ ಇನ್ನೊಂದು ಹಿಡಿ ತೆಗೆದಳು. ಲಿಫ್ಟಿಗೆ ಹಾಕುವ ಸುರಕ್ಷತೆಯ ಲೆಕ್ಕವನ್ನೇ ಇಲ್ಲಿಗೂ ಹಾಕಿ ಸಿದ್ದೇಶ ಮತ್ತೆರಡು ಹಿಡಿ ತೆಗೆದ. ಸಕ್ಕರೆ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಗಿರಿಜವ್ವ ಬಂದು, ಅದನ್ನೆತ್ತಿ ಪಾಕಕ್ಕೆ ಸುರಿದೇಬಿಟ್ಟಳು.

ಸಂಜೆಯ ಹೊತ್ತಿಗೆ ಉಂಡೆಗಳು ಗುಂಡುಕಲ್ಲಾಗಿದ್ದವು. ಗಿರಿಜವ್ವ ಒಂದನ್ನು ಕಚ್ಚಲು ನೋಡಿ, ಮೆಲ್ಲಗೆ ಕೆಳಗಿಟ್ಟಳು.

"ನನ್ನ ಕೈ ಕೆಟ್ಟೈತಿ. ವಯಸ್ಸಾತು. ಅವರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡು."

ಸಿದ್ದೇಶನಿಗೆ ತಡೆಯಲಾಗಲಿಲ್ಲ. "ನಿನ್ನ ಕೈ ಅಲ್ಲವ್ವಾ. ಬಟ್ಟಲದ ತಗ್ಗು ನಾನ ತಗದೆ. ಅದಕ್ಕ ಅಳತಿ ಹೆಚ್ಚಾತು."

"ಹೆಚ್ಚಾದ್ರ ಏನಾತು? ರವಾನೂ ಅದರಾಗ ಅಳದೀನಿ, ಸಕ್ರಿನೂ ಅದರಾಗ ಅಳದೀನಿ. ನಾಲ್ಕು ಉಂಡಿ ಹೆಚ್ಚಿಗಿ ಆಗ್ತಿದ್ವು, ಅಷ್ಟ. ಇಲ್ಲಿ ರವಾ ಕಡಿಮಿ ಬಿದ್ದೈತಿ, ಪಾಕ ಹೆಚ್ಚಾಗಿ ಕಲ್ಲಾಗ್ಯಾವು."

ಎಂಜಿನಿಯರು ನೆಲ ನೋಡುತ್ತ ಹೆಬ್ಬೆರಳಿನ ಕತೆಯನ್ನೆಲ್ಲ ಒಪ್ಪಿಸಿದ.

ಗಿರಿಜವ್ವ ಬೈಯಲಿಲ್ಲ. ಬಟ್ಟಲನ್ನು ಮಗ್ಗುಲಾಗಿ ಮಲಗಿಸಿ, ಒಡೆಯುತ್ತದೇನೋ ಎಂದು ಒಂದು ಉಂಡೆಯನ್ನು ಅದರ ಮೇಲೆ ಬಲವಾಗಿ ಕುಟ್ಟಿದಳು. ಉಂಡೆಗೆ ಏನೂ ಆಗಲಿಲ್ಲ. ಬಟ್ಟಲು ಮೊದಲಿನ ಜಾಗದಲ್ಲೇ ತಗ್ಗಾಯಿತು.

ಬಾಗಿಲ ಗಂಟೆ ಸದ್ದು ಮಾಡಿತು. ಹೊರಗೆ ಹೆಂಗಸರ ನಗು ಕೇಳಿಸಿತು.

"ಬಟ್ಟಲಾ ಮೊದಲಿನಂಗಾತು. ನನ್ನ ಕೈನೂ ಚಲೋ ಐತಿ," ಎಂದು ಗಿರಿಜವ್ವ ಸೆರಗು ಸರಿಮಾಡಿಕೊಂಡು ತಟ್ಟೆಯನ್ನು ಮಗನ ಕೈಗಿಟ್ಟಳು. "ಹೋಗು, ಇವು ನೀ ಮಾಡಿದ್ದು ಅಂತ ಹೇಳಿ ಹಂಚು."