ಪಿಲಾತನನ್ನು ನಾನು ಬಿಡಲಿಲ್ಲ

ಒಂದು ಕೆಲಸ ಮಾಡಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದಾಗಲೆಲ್ಲ ಸುತ್ತಲಿನವರಿಗೆ ನಗಲು ಏನಾದರೊಂದು ಸಿಕ್ಕೇ ಸಿಗುತ್ತದೆ. ನನಗೆ ಬರೆದು ಅಭ್ಯಾಸವಿಲ್ಲ. ಆದ್ದರಿಂದ ಮೊದಲು ಹಿನ್ನೆಲೆಯನ್ನು ಪೂರ್ತಿ ಹೇಳಿಬಿಡುತ್ತೇನೆ.

ತೈಲದ ಬೆಲೆ ಬಿದ್ದ ವರ್ಷಗಳವು. ನಾನು ಮಸ್ಕತ್ತಿನ ಒಂದು ಗುತ್ತಿಗೆ ಕಂಪನಿಯಲ್ಲಿ ಪ್ಲಾನಿಂಗ್ ಎಂಜಿನಿಯರ್. ಪ್ಲಾನ್ ಮಾಡಲು ಪ್ರಾಜೆಕ್ಟ್ ಇರಲಿಲ್ಲ, ಆದರೆ ಐದು ಗಂಟೆಯವರೆಗೆ ಕುರ್ಚಿ ಬಿಡುವ ಹಾಗೂ ಇರಲಿಲ್ಲ. ಆ ಬಿಡುವಿನಲ್ಲಿ ರೋಮ್ ಸಾಮ್ರಾಜ್ಯದ ಇತಿಹಾಸ ಓದತೊಡಗಿದೆ. ಅಲ್ ಗುಬ್ರಾದ ನಾವು ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಂದು ಶುಕ್ರವಾರ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದೆವು. ಊಟವಾದ ಮೇಲೆ ಒಬ್ಬರು ಅರ್ಧ ಗಂಟೆ ಮಾತಾಡಬೇಕು. ಹಿಂದಿನ ತಿಂಗಳ ವಿಷಯ ಮೂತ್ರಪಿಂಡದ ಕಲ್ಲು. ಈ ಸಲ ಸರದಿ ನನ್ನದು, ಮನೆಯೂ ನನ್ನದೇ. ‘ಕ್ರೈಸ್ತ ಧರ್ಮದ ಹುಟ್ಟಿನ ಮೇಲೆ ರೋಮನ್ ರಾಜಕೀಯದ ಪ್ರಭಾವ’ ಎಂದು ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ತೊಂದರೆ ಏನೆಂದರೆ, ಆ ಶುಕ್ರವಾರ ಕಳೆದು ಎರಡೇ ದಿನಕ್ಕೆ, ಇಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ, ನಮ್ಮ ಆಫೀಸಿನಲ್ಲಿ ಮನೆಗೆ ಕಳಿಸುವವರ ಲಿಸ್ಟ್ ಬರುವುದಿತ್ತು. ಅದನ್ನು ಕೈಗೆ ಕೊಡಬೇಕಾದ ಎಚ್‌ಆರ್ ಮ್ಯಾನೇಜರ್ ನಮ್ಮ ಗುಂಪಿನವರೇ. ಮಂಗಳೂರು ಕಡೆಯ ಕ್ರೈಸ್ತರು, ದಿನಾ ಬೈಬಲ್ ಓದುವವರು.

“ಅವರ ಧರ್ಮದ ವಿಷಯ ಅವರ ಎದುರಿಗೇ ಮಾತಾಡ್ತೀರಾ? ಅದೂ ಈ ವಾರ?” ಎಂದಳು ಹೆಂಡತಿ.

“ಇದು ಧರ್ಮ ಅಲ್ಲ ಕಣೇ, ಇತಿಹಾಸ.”

“ಸರಿ, ಭಾನುವಾರ ಅವರಿಗೆ ವ್ಯತ್ಯಾಸ ವಿವರಿಸ್ತಾ ಕೂತಿರಿ.”

ಕೆಲಸ ಹೋದರೂ ಸರಿ, ಒಪ್ಪಿಕೊಂಡ ಮಾತನ್ನು ಆಡಿಯೇ ತೀರುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

೧. ಹೆರೋದನ ವೀಸಾ

ಹೆಂಡತಿಯನ್ನು ಕೂರಿಸಿಕೊಂಡು ಅಭ್ಯಾಸ ಶುರು ಮಾಡಿದೆ. ಯೇಸು ಹುಟ್ಟಿದಾಗ ಯೆಹೂದ್ಯರ ನಾಡಿಗೆ ಹೆರೋದನೆಂಬ ರಾಜನಿದ್ದ. ಆದರೆ ಅವನಿಗೆ ಪಟ್ಟ ಕೊಟ್ಟದ್ದು ರೋಮ್. ರೋಮ್ ಬೇಡವೆಂದರೆ ಅವನು ರಾಜನಲ್ಲ. ಇದನ್ನು ವಿವರಿಸಲು ನಾಲ್ಕು ಪುಟ ಬರೆದಿದ್ದೆ. ಎರಡನೇ ಪುಟಕ್ಕೆ ಅವಳು ಕೈ ಎತ್ತಿದಳು.

“ಅಂದ್ರೆ ರೋಮ್ ಅವನ ಕಫೀಲ್. ಅಷ್ಟೇ ತಾನೆ?”

ಕಫೀಲ್ ಎಂದರೆ ಇಲ್ಲಿ ಯಾರ ಹೆಸರಿನ ಮೇಲೆ ನಮ್ಮ ವೀಸಾ ನಿಂತಿದೆಯೋ ಅವರು. ಅವರು ಬೇಡವೆಂದರೆ ಖಲಾಸ್, ನಾವು ಊರಿಗೆ. ಎಷ್ಟೋ ಕಡೆ ನಮ್ಮ ಪಾಸ್‌ಪೋರ್ಟೂ ಅವರ ಬೀರುವಿನಲ್ಲೇ. ನಾಲ್ಕೂ ಪುಟ ಹರಿದು ಹಾಕಿ ಆ ಒಂದೇ ಸಾಲು ಬರೆದುಕೊಂಡೆ. ಅವಳು ಹುರುಳಿಕಾಯಿ ಹೆಚ್ಚುತ್ತ ಮತ್ತೆ ಕೇಳಿದಳು:

“ರೀ, ಹಾಗಾದ್ರೆ ಹೆರೋದನ ಪಾಸ್‌ಪೋರ್ಟ್ ಯಾರ ಹತ್ರ ಇತ್ತು?”

೨. ಎರಡು ಸಾವಿರ ವರ್ಷದ ಪಾಲಿಸಿ

ನಮ್ಮ ಮೇಲಿನ ಮನೆಯವರು ಕುಂದಾಪುರ ಕಡೆಯವರು. ಮಸ್ಕತ್ತಿನಿಂದ ದೂರದ ದುಕ್ಮ್‌ನ ಕ್ಯಾಂಪಿನಲ್ಲಿ ಮೂರು ವಾರ ದುಡಿದು, ಕಂಪನಿ ಬಸ್ಸಿನಲ್ಲಿ ಒಂದು ವಾರಕ್ಕೆ ಮನೆಗೆ ಬರುತ್ತಾರೆ. ಅವರೂ ಬುದ್ಧಿ ಹೇಳಲು ಬಂದರು. “ಮೂತ್ರಪಿಂಡವೇ ಇರ್ಲಿ ಮಾರಾಯ್ರೆ, ಇನ್ನೊಂದು ಮೂತ್ರಪಿಂಡ ಉಂಟಲ್ಲ!”

ನಾನು ಬಿಡದೆ ಅವರನ್ನೇ ಕೂರಿಸಿ ಪೌಲನ ಕಥೆ ಹೇಳಿದೆ. ಪೌಲ ಎಂದರೆ ಯೇಸುವಿನ ಸಂದೇಶವನ್ನು ಊರೂರಿಗೆ ಒಯ್ದವನು. ಸೈನಿಕರು ಅವನನ್ನು ಕಟ್ಟಿ ಇನ್ನೇನು ಚಾಟಿ ಬೀಸಬೇಕು, “ನಾನು ರೋಮನ್ ಪ್ರಜೆ” ಎಂದ. ತಕ್ಷಣ ಎಲ್ಲರೂ ಹೆದರಿ ಹಿಂದೆ ಸರಿದರು. ಬೇರೆಯವರಾಗಿದ್ದರೆ ಏಟು ಬಿದ್ದೇ ಬೀಳುತ್ತಿತ್ತು.

ದುಕ್ಮ್‌ನವರು ತೊಡೆ ತಟ್ಟಿದರು. “ನಮ್ಮ ಕ್ಯಾಂಪಲ್ಲೂ ಹೀಗೇ! ಒಂದೇ ಕೆಲಸ, ಬ್ರಿಟಿಷ್ ಪಾಸ್‌ಪೋರ್ಟ್ ಆದ್ರೆ ಒಬ್ಬನಿಗೊಂದು ರೂಮು, ನಮ್ಮದಾದ್ರೆ ಆರು ಜನಕ್ಕೊಂದು.” ಆಮೇಲೆ ದನಿ ತಗ್ಗಿಸಿ, “ನೀವು ಮಾತಾಡ್ಲೇಬೇಕು. ಇದನ್ನು ಎಚ್‌ಆರ್‌ನವರೂ ಕೇಳ್ಲಿ. ಆದ್ರೆ ನನ್ನ ಹೆಸರು ಹೇಳ್ಬೇಡಿ,” ಎಂದರು.

೩. ಒದ್ದೆ ಕೈ

ಶುಕ್ರವಾರ ಎಚ್‌ಆರ್ ಮ್ಯಾನೇಜರ್ ಬರಲಾರರು ಎಂದುಕೊಂಡಿದ್ದೆ. ತಡವಾಗಿ ಬಂದರು, ತಮ್ಮ ಹೆಂಡತಿಯ ಜೊತೆ. ಎಲ್ಲರ ಊಟ ಮುಗಿದಿತ್ತು. ಯಾರೋ ಅವರಿಗೆ ಬಿಸಿಬೇಳೆಬಾತ್ ಬಡಿಸಿ ಮುಂದಿನ ಕುರ್ಚಿಯಲ್ಲೇ ಕೂರಿಸಿದರು. ಇನ್ನು ಕಾದರೆ ನನ್ನ ಧೈರ್ಯ ಸೋರಿಹೋಗುತ್ತದೆಂದು, ಅವರು ತಿನ್ನುತ್ತಿರುವಾಗಲೇ ಮಾತು ಶುರು ಮಾಡಿದೆ.

ಹೆರೋದ ಆಯಿತು. ಪೌಲ ಆಯಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರನ್ನೆಲ್ಲ ಒಂದೇ ಕಡೆ ಕರೆಸಿ, ಒಮ್ಮತಕ್ಕೆ ಬನ್ನಿ ಎಂದದ್ದೂ ಆಯಿತು. ಉಳಿದದ್ದು ಪಿಲಾತ, ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ. ಕ್ರಮದಲ್ಲಿ ಅವನು ಮೊದಲೇ ಬರಬೇಕಿತ್ತು. ಹೆದರಿಕೆಯಿಂದ ಕೊನೆಗೆ ತಳ್ಳಿದ್ದೆ. ಅಡುಗೆಮನೆ ಬಾಗಿಲಿನಿಂದ ಹೆಂಡತಿ, ಬೇಡ ಬೇಡ ಎಂದು ಸೌಟು ಆಡಿಸಿದಳು. ನಾನು ಬಿಡಲಿಲ್ಲ. ಕಾಗದದಿಂದ ಕಣ್ಣೆತ್ತದೆ ಓದಿದೆ.

“ಪಿಲಾತನಿಗೆ ಮೇಲಿನವರ ಭಯ, ಎದುರಿಗೆ ಜನರ ಗಲಾಟೆ. ತಪ್ಪಿಲ್ಲವೆಂದು ಗೊತ್ತಿದ್ದೂ ದಂಡನೆಗೆ ಒಪ್ಪಿಸಿದ. ಒಪ್ಪಿಸುವಾಗ ನೀರು ತರಿಸಿ, ಇದಕ್ಕೆ ನಾನು ಹೊಣೆಯಲ್ಲ ಎಂದು ಕೈ ತೊಳೆದುಕೊಂಡ.”

ಕಣ್ಣೆತ್ತಿದೆ. ಮುಂದಿನ ಕುರ್ಚಿ ಖಾಲಿ. ಪಾಪ, ಮಾತಿನ ನಡುವೆ ಏಳಬಾರದೆಂದು ಅವರು ಎಂಜಲು ಕೈ ಒಣಗುವವರೆಗೂ ಕೂತಿದ್ದರಂತೆ. ಕೊನೆಗೆ ತಡೆಯಲಾರದೆ ಎದ್ದು ಹೋಗಿ, ಸರಿಯಾಗಿ ಆ ಕ್ಷಣಕ್ಕೆ ಬೇಸಿನ್ ಕಡೆಯಿಂದ ಎರಡೂ ಕೈಯ ನೀರು ಕೊಡವುತ್ತ ಎಲ್ಲರೆದುರಿಗೆ ಬಂದು ನಿಂತರು.

ಮೊದಲು ನಕ್ಕದ್ದು ದುಕ್ಮ್‌ನವರು.

“ಏ, ಲಿಸ್ಟ್ ಮಾಡಿದ್ದು ನಾನಲ್ಲ ಮಾರಾಯ್ರೆ! ಮೇಲಿಂದ ಬರುವುದು!” ಎಂದರು ಮ್ಯಾನೇಜರ್, ಒದ್ದೆ ಕೈ ಎತ್ತಿ.

ಅವರ ಹೆಂಡತಿ ತಣ್ಣಗೆ ಹೇಳಿದರು: “ಅವನೂ ಅದನ್ನೇ ಹೇಳಿದ್ದು.”

ಮನೆಯೆಲ್ಲ ನಕ್ಕಿತು. ನಾನೊಬ್ಬ ಭಾನುವಾರದವರೆಗೆ ನಗಲಿಲ್ಲ.

ಭಾನುವಾರ ಹನ್ನೊಂದಕ್ಕೆ ಅವರು ಸೀದಾ ನನ್ನ ಮೇಜಿಗೇ ಬಂದರು. ಕೈಯಲ್ಲಿ ಕಾಗದ. ಎದ್ದು ನಿಂತೆ.

“ಕೂತ್ಕೊಳ್ಳಿ, ನಿಮ್ಮ ಹೆಸರಿಲ್ಲ. ಮೊನ್ನೆ ಒಂದು ವಿಷಯ ಬಿಟ್ರಲ್ಲ ನೀವು. ಪಿಲಾತನಿಗೆ ಕೊನೆಗೆ ಏನಾಯ್ತು?”

ಮುಚ್ಚಿಡಬಾರದೆಂದು ಹೇಳಿಯೇಬಿಟ್ಟೆ. “ಅವನನ್ನೂ ರೋಮ್‌ನವರು ಹುದ್ದೆಯಿಂದ ತೆಗೆದು ವಾಪಸ್ ಕರೆಸಿಕೊಂಡರಂತೆ, ಸರ್.”

ಅವರು ಕಾಗದ ನನ್ನ ಮುಂದಿಟ್ಟರು. ಲಿಸ್ಟಿನ ಕೊನೆಯ ಹೆಸರು ಅವರದೇ.

“ಇದನ್ನು ಶುಕ್ರವಾರವೇ ಹೇಳ್ಬಾರ್ದಿತ್ತಾ ಮಾರಾಯ್ರೆ,” ಎಂದರು, “ಎಂಜಲು ಕೈಯಲ್ಲೇ ಕೂತಿರ್ತಿದ್ದೆ!”